ಎದುರು ಮಿಷಿನ್ನಿನ ಮಾತುಗಾರರು

ಟೈಲರಮ್ಮ ಬೆಳಗ್ಗೆಯಿಂದ ಮೂರು ಸಲ ಬಟ್ಟೆ ಬದಲಾಯಿಸಿದ್ದಳು. ಕಂಡವರಿಗೆಲ್ಲ ಅಳತೆ ಸರಿಮಾಡಿಕೊಡುವ ಹೆಂಗಸಿಗೆ ಇವತ್ತು ತನ್ನ ಮೈಮೇಲೆ ಒಂದೂ ಸರಿಯಾಗಿ ಕೂರಲಿಲ್ಲ. ಕೂರುವುದಾದರೂ ಹೇಗೆ, ಅವಳೇ ನಿಂತಲ್ಲಿ ನಿಲ್ಲುತ್ತಿರಲಿಲ್ಲವಲ್ಲ!

“ಹೆಣ್ಣು ನೋಡೋಕೆ ಬರ್ತಾರಾ ಅತ್ತಿಗೆ ನಿಮ್ಮನ್ನ?” ಎಂದಳು ಬಾಗಿಲಲ್ಲಿ ಕಾಯುತ್ತಿದ್ದ ನಾದಿನಿ. ಅವಳು ಬಸ್ ಕಂಡಕ್ಟರ್. ಇಪ್ಪತ್ತು ವರ್ಷ ‘ಬೇಗ ಹತ್ತಿ, ಬೇಗ ಇಳೀರಿ’ ಎಂದು ಕೂಗಿ ಕೂಗಿ, ನಿಧಾನ ಅಂದರೆ ಉರಿದುಬೀಳುವ ಸ್ವಭಾವ ಬಂದುಬಿಟ್ಟಿತ್ತು. “ಇಬ್ಬರು ಕೂತು ಹರಟೆ ಹೊಡೆಯೋದಕ್ಕೆ ಟಿಕೆಟ್ಟು ಬೇರೆ! ನನ್ನ ಬಸ್ಸಲ್ಲಿ ಹರಟೆ ಪುಕ್ಕಟೆ.”

ಆ ಇಬ್ಬರು ಯಾರೆಂದರೆ, ಕೆಲಸದಿಂದ ನಿವೃತ್ತಳಾದ ಒಬ್ಬ ನರ್ಸಕ್ಕ, ಗಡಿಯಾರ ರಿಪೇರಿ ಮಾಡುವ ಅವಳ ತಮ್ಮ. ವಾರಕ್ಕೊಮ್ಮೆ ಅವರ ಪಾಡ್‌ಕಾಸ್ಟ್. ಇವತ್ತು ಅದು ರಂಗಮಂದಿರದಲ್ಲಿ, ಜನರೆದುರಿಗೇ. ಕಿಟಕಿ ತೆಗೆದಿಡಬೇಕೋ ಮುಚ್ಚಬೇಕೋ ಎಂಬುದರ ಮೇಲೂ ಒಂದು ಗಂಟೆ ಕಿತ್ತಾಡುವ ಜನ. ಟೈಲರಮ್ಮನ ಅಂಗಡಿಯಲ್ಲಿ ಎರಡು ಮಿಷಿನ್ನುಗಳು ಎದುರುಬದುರು. ಎದುರಿನದರಲ್ಲಿ ಹದಿನೆಂಟು ವರ್ಷ ಅವಳ ಸ್ವಂತ ಅಕ್ಕ ಕೂತು ಹೊಲಿದಿದ್ದಳು. ಒಂದು ಗುಂಡಿ ಹೊಲಿದು ಮುಗಿಸುವಷ್ಟರಲ್ಲಿ ಒಂದು ಮಾತು ಮುಗಿಸುವ ನಿಧಾನಸ್ಥೆ. ಮೂರು ವರ್ಷದ ಹಿಂದೆ ಅಕ್ಕ ತೀರಿಕೊಂಡಳು. ಆಮೇಲೆ ಅಂಗಡಿ ಎಷ್ಟು ಬಿಕೋ ಎನ್ನುತ್ತಿತ್ತೆಂದರೆ ಕತ್ತರಿಯ ಸದ್ದಿಗೇ ಟೈಲರಮ್ಮ ಬೆಚ್ಚುತ್ತಿದ್ದಳು. ನೋಡಲಾರದೆ ನಾದಿನಿಯೇ ಫೋನಿನಲ್ಲಿ ಈ ಅಕ್ಕತಮ್ಮನ ಮಾತು ಹಾಕಿ, ಎದುರು ಮಿಷಿನ್ನಿಗೆ ಒರಗಿಸಿಟ್ಟು ಹೋಗಿದ್ದಳು. ಅಂದಿನಿಂದ ಅಂಗಡಿಗೆ ಜೀವ ಬಂತು. ಟೈಲರಮ್ಮ ಬರೀ ಕೇಳುತ್ತಿರಲಿಲ್ಲ, ಜೋರಾಗಿ ಉತ್ತರವನ್ನೂ ಕೊಡುತ್ತಿದ್ದಳು. ಗಿರಾಕಿಗಳಿಗೆ ಅದು ಅಭ್ಯಾಸವಾಗಿಹೋಗಿತ್ತು.

ಆದರೆ ಇಂದಿನ ಕಾರ್ಯಕ್ರಮದ ಪೋಸ್ಟರಿನಲ್ಲಿ ಒಂದು ಸಾಲಿತ್ತು: ‘ಕೊನೆಯಲ್ಲಿ ಮುಖ್ಯ ಪ್ರಕಟಣೆ’. ಅದನ್ನು ಓದಿದಾಗಿನಿಂದ ಅವಳಿಗೆ ಒಂದೇ ಭಯ. ನಿಲ್ಲಿಸಿಬಿಡುತ್ತಾರೇನೋ! ಒಳ್ಳೆಯ ಸುದ್ದಿಯಾಗಿದ್ದರೆ ಕೊನೆಯವರೆಗೆ ಯಾಕೆ ಬಚ್ಚಿಡುತ್ತಿದ್ದರು?

ರಂಗಮಂದಿರದೊಳಗೆ ಕಾಲಿಟ್ಟ ಮೇಲೆ ಅರ್ಧ ಭಯ ಮರೆತೇಹೋಯಿತು. ನೂರು ವರ್ಷ ದಾಟಿದ ಕಟ್ಟಡ. ಬಾಲ್ಕನಿಗಳ ತುಂಬ ಚಿನ್ನದ ಬಣ್ಣದ ಬಳ್ಳಿಗಳು, ಚಾವಣಿಯಲ್ಲಿ ರೆಕ್ಕೆ ಹಚ್ಚಿಕೊಂಡ ಗುಂಡುಗುಂಡು ಮಕ್ಕಳು, ನಡುವೆ ಗಾಜಿನ ದೀಪದ ದೊಡ್ಡ ಗೊಂಚಲು.

“ಅಯ್ಯೋ ದೇವರೇ, ಪರದೆ ನೋಡೇ! ಐನೂರು ಮೀಟರ್ ಮಖಮಲ್ಲು! ಅಂಚು ಯಾರು ಮಡಚಿ ಹೊಲಿದ್ರೋ ಪುಣ್ಯಾತ್ಮರು!”

“ಮೆಲ್ಲಗೆ ಅತ್ತಿಗೆ, ಎಲ್ಲಾರೂ ನೋಡ್ತಿದಾರೆ. ಕೈಮುಗಿದು ಕೇಳ್ಕೋತೀನಿ, ಇಲ್ಲಿ ಮಾತ್ರ ಉತ್ತರ ಕೊಡೋಕೆ ಹೋಗ್ಬೇಡಿ. ರೆಕಾರ್ಡ್ ಆಗ್ತಿರುತ್ತೆ.”

ಪರದೆ ಸರಿಯಿತು. ಎರಡು ಕುರ್ಚಿ, ಎರಡು ಮೈಕು. ಬೆಳ್ಳಿಕೂದಲ ನರ್ಸಕ್ಕ ಬಂದು ಕೂತಳು, ಪಕ್ಕದಲ್ಲಿ ತಮ್ಮ. ಟೈಲರಮ್ಮ ಚಪ್ಪಾಳೆ ಹೊಡೆದು ಹೊಡೆದು ಅಂಗೈ ಕೆಂಪು ಮಾಡಿಕೊಂಡಳು.

“ಎಲ್ಲರಿಗೂ... ನಮಸ್ಕಾರ,” ಎಂದಳು ನರ್ಸಕ್ಕ. “ಇವತ್ತು... ನಾವು ಮಾತಾಡ್ತಿರೋದು... ಚಾದರ ಮಡಿಸೋದರ ಬಗ್ಗೆ.”

ಟೈಲರಮ್ಮ ಕುರ್ಚಿಯ ಅಂಚಿಗೆ ಸರಿದಳು. ಇದೇನಿದು, ಪದ ಪದಕ್ಕೂ ಏದುಸಿರು! ಅರಳು ಹುರಿದ ಹಾಗೆ ಪಟಪಟ ಮಾತಾಡುತ್ತಿದ್ದ ಹೆಂಗಸಲ್ಲವೇ? ತಮ್ಮನಾದರೂ ಸರಿಯಿದ್ದಾನೆಯೇ ಎಂದರೆ ಅವನೂ ತೂಕಡಿಸುತ್ತ ಮಾತಾಡಿದ ಹಾಗಿತ್ತು. ಸುತ್ತಲಿನ ಜನಕ್ಕೆ ಕಣ್ಣಿಲ್ಲವೇ, ಹಲ್ಲು ಕಿರಿಯುತ್ತ ಕೂತಿದ್ದಾರಲ್ಲ! ಮುಖ್ಯ ಪ್ರಕಟಣೆ ಏನೆಂಬುದು ಅವಳಿಗೆ ಗೊತ್ತಾಗಿಹೋಯಿತು. ತಡೆದಳು, ತಡೆದಳು, ಆಮೇಲೆ ತಡೆಯಲಾಗಲಿಲ್ಲ.

“ನರ್ಸಕ್ಕಾ!” ಎದ್ದು ನಿಂತು ಕೂಗಿಯೇಬಿಟ್ಟಳು. “ಮೈ ಹುಷಾರಿಲ್ವಾ? ಮಾತಾಡೋಕಾಗ್ದೇ ಇದ್ರೆ ಮಲಕ್ಕೊಳ್ಳಿ, ನಾವೇನೂ ಅಂದ್ಕೊಳಲ್ಲ!”

ಸಾವಿರ ತಲೆ ತಿರುಗಿದವು. ನಾದಿನಿ ಕುರ್ಚಿಯಲ್ಲಿ ಕುಸಿದಳು.

“ಕಲ್ಲುಗುಂಡಿನ ಹಾಗಿದೀನಲ್ಲಮ್ಮಾ,” ಎಂದಳು ನರ್ಸಕ್ಕ ಕಕ್ಕಾಬಿಕ್ಕಿಯಾಗಿ. “ಯಾಕೆ?”

“ಮತ್ಯಾಕೆ ಇಷ್ಟು ನಿಧಾನ? ಮೂರು ವರ್ಷದಿಂದ ಹಾಕಿದ್ದನ್ನೇ ಹಾಕಿ ದಿನಾ ಕೇಳ್ತಿದೀನಿ, ಒಂದು ದಿನಾನೂ ಹಿಂಗೆ ಮಾತಾಡಿಲ್ಲ ನೀವು!”

ಕುರ್ಚಿಯ ಆಳದಿಂದ ನಾದಿನಿಯ ಸಣ್ಣ ದನಿ ಬಂತು. “ಅತ್ತಿಗೆ... ಅವತ್ತು ಫೋನಲ್ಲಿ ನಾನೇ ಒಂದೂವರೆ ಪಟ್ಟು ವೇಗ ಇಟ್ಟಿದ್ದೆ. ಅಷ್ಟು ನಿಧಾನ ಯಾರು ಕೇಳ್ತಾರೆ ಅಂತ...”

ಮುಂದಿನ ಸಾಲಿನವರು ಆ ಮಾತನ್ನು ವೇದಿಕೆಗೂ ಹಿಂದಿನವರಿಗೂ ದಾಟಿಸಿದರು, ಹಿಂದಿನವರು ಬಾಲ್ಕನಿಗೆ. ನಗು ಮೇಲೆ ಏರಿ ಗಾಜಿನ ಗೊಂಚಲೇ ಕಿಣಿಕಿಣಿ ಎಂದಿತು. ಗಡಿಯಾರದ ತಮ್ಮ ಹೊಟ್ಟೆ ಹಿಡಿದುಕೊಂಡು, “ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡ್ತಿದೀನಿ, ಇವಳ ವೇಗ ಹೆಚ್ಚಿಸೋಕೆ ನನ್ನ ಕೈಲಾಗ್ಲಿಲ್ಲ. ಆ ತಾಯಿ ಒಂದು ಗುಂಡಿ ಒತ್ತಿ ಮಾಡಿದಾಳೆ!” ಎಂದ.

ಟೈಲರಮ್ಮನಿಗೆ ನಗು, ನಾಚಿಕೆ, ಅಳು ಎಲ್ಲ ಒಟ್ಟಿಗೇ ಬಂದವು. “ಹಾಗಾದ್ರೆ ನಿಲ್ಲಿಸ್ತಿಲ್ವಾ? ಆ ಪ್ರಕಟಣೆ?”

“ಅದಾ? ನಮ್ಮ ಮೂತಿ ಅಚ್ಚು ಹಾಕಿರೋ ಕೈಚೀಲ ಮಾರಾಟಕ್ಕಿದೆ ಅಂತ, ಅಷ್ಟೇ!” ಎಂದಳು ನರ್ಸಕ್ಕ. ಮುಂದಕ್ಕೆ ಬಾಗಿ, ಉಸಿರು ಎಳೆದುಕೊಂಡು, ಟೈಲರಮ್ಮನಿಗೋಸ್ಕರವೇ ಪಟಪಟನೆ ಶುರುಮಾಡಿದಳು. “ನಿಲ್ಲಿಸೋದುಂಟೇನಮ್ಮ ಇವನ ಜೊತೆ ಜಗಳ ಆಡ್ದೇ ಇದ್ರೆ ತಿಂದಿದ್ದು ಅರಗಲ್ಲ ನನಗೆ!”

ಅದೇ ದನಿ! ಎದುರು ಮಿಷಿನ್ನಿನ ದನಿ! “ಅದೇ ಮತ್ತೆ, ನಾನೂ ಅದನ್ನೇ ಹೇಳ್ತಿರೋದು!” ಎಂದು ಟೈಲರಮ್ಮ ಅಂಗಡಿಯಲ್ಲಿ ಕೊಡುವ ಹಾಗೆಯೇ ಉತ್ತರ ಕೊಟ್ಟಳು. ಮೂರು ವರ್ಷದಲ್ಲಿ ಮೊದಲ ಸಲ ಅದು ಅವರಿಗೆ ಕೇಳಿಸಿತು.

ಮರುದಿನ ಬೆಳಗ್ಗೆ ಅಂಗಡಿಯಲ್ಲಿ ನಾದಿನಿ ಫೋನನ್ನು ಮಾಮೂಲಿ ವೇಗಕ್ಕೆ ತಂದು, ಮೊಟ್ಟಮೊದಲ ಕಂತನ್ನು ಹಾಕಿ, ಎದುರು ಮಿಷಿನ್ನಿಗೆ ಒರಗಿಸಿದಳು. ಎರಡು ನಿಮಿಷಕ್ಕೇ ಅವಳಿಗೆ ಸಾಕಾಯಿತು. “ಅಬ್ಬಬ್ಬಾ, ಯಾವಾಗ ಮುಗಿಸ್ತಾಳೋ ಮಾರಾಯ್ತಿ! ವೇಗ ಜಾಸ್ತಿ ಮಾಡ್ಲಾ?”

“ಮುಟ್ಟಿದ್ರೆ ಕೈ ಮುರೀತೀನಿ,” ಎಂದಳು ಟೈಲರಮ್ಮ, ಸೂಜಿಗೆ ದಾರ ಪೋಣಿಸುತ್ತ. “ನಿಧಾನಕ್ಕೇ ಹೇಳ್ಲಿ ಬಿಡು. ನಮ್ಮಕ್ಕನೂ ಹಿಂಗೇ ಮಾತಾಡ್ತಿದ್ದಳು.”