ಬಾಯಿಗೂಡಲಿ ಎಂದ ಉಜ್ಜಿನಪ್ಪ ಮೇಷ್ಟ್ರು

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಒಂದು ಕಂದು ಕೋಟು. ಅದರೊಳಗೆ ಉಜ್ಜಿನಪ್ಪ ಮೇಷ್ಟ್ರು ಇದ್ದಾರೆಂಬುದು ಆಮೇಲೆ ತಿಳಿಯುತ್ತಿತ್ತು. ಬೆಳೆಯುವ ಮೈಯೆಂದು ಹದಿನೇಳರ ಪ್ರಾಯದಲ್ಲಿ ಧಾರಾಳವಾಗಿ ಅಳತೆ ಕೊಟ್ಟು ಹೊಲಿಸಿದ ಕೋಟದು. ಮೈ ಅಲ್ಲಿಗೇ ನಿಂತಿತು. ಕೋಟಿನ ತೋಳುಗಳು ಮಾತ್ರ ಬೆರಳ ತುದಿಯನ್ನೂ ದಾಟಿ ಜೋತಾಡುತ್ತ, ಅವರಿಗೆ ಐವತ್ತಾದರೂ ಮೈಯ ಹಾದಿ ಕಾಯುತ್ತಿದ್ದವು.

ಕಾಯುವುದು ಅವರ ಹುಟ್ಟುಗುಣ. ಮಿರ್ಚಿ ಅಂಗಡಿಯಲ್ಲಿ "ಮುಂದಿನ ಒಬ್ಬೆ ಚಲೋ ಬರತೈತಿ" ಎಂದು ಬಾಣಲೆಯಿಂದೆದ್ದ ಒಬ್ಬೆಯ ಮೇಲೆ ಒಬ್ಬೆ ಬಿಟ್ಟುಕೊಟ್ಟು, ಹಿಟ್ಟು ಮುಗಿದ ಮೇಲೆ ಬರೀ ಮಂಡಕ್ಕಿ ಮುಕ್ಕಿ, ಯಾರ ಮೇಲೂ ಸಿಟ್ಟಿಲ್ಲದೆ ಮನೆಗೆ ಬರುತ್ತಿದ್ದ ಸಾತ್ವಿಕ ಜೀವ.

ಮನೆಯ ಮುಂಭಾಗದಲ್ಲೇ ಅವರ ಟೈಪಿಂಗ್ ಶಾಲೆ. ಯಂತ್ರಗಳ ಖಟಖಟ ಅವರಿಗೆ ಉಸಿರು. ಪತ್ನಿ ಮರುಳಸಿದ್ದಮ್ಮನಿಗೆ ಗಡಿಯಾರ. ಸಾವಿರದ ಒಂಬೈನೂರ ತೊಂಬತ್ತೈದರ ಸುಮಾರಿಗೆ ಅವರ ಹಳೆಯ ಶಿಷ್ಯ ಮೌನೇಶ್ ದಾವಣಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ತೆರೆದು, ಗುರುಗಳಿಗೂ ಒಂದನ್ನು ಕೊಳ್ಳಲು ಹೇಳಿದ.

"ಎರಡು ವರ್ಷಕ್ಕೊಮ್ಮೆ ಇದರ ಚಿಪ್ಪಿನ ತಾಕತ್ತು ಇಮ್ಮಡಿ ಆಗ್ತೈತ್ರಿ ಮೇಷ್ಟ್ರೇ" ಎಂದು ಹುರುಪಿನಲ್ಲಿ ಸೇರಿಸಿದ್ದೇ ಅವನು ಮಾಡಿದ ತಪ್ಪು.

ಮೇಷ್ಟ್ರ ತಂದೆ ದನದ ಸಂತೆಯಲ್ಲಿ ಹೆಸರಾದವರು. ಹಾಲುಹಲ್ಲು ಬಿದ್ದು, ಎರಡಲ್ಲು, ನಾಲ್ಕಲ್ಲು, ಆರಲ್ಲಾಗಿ, ಕಡೆಗೆ ಎಲ್ಲ ಹಲ್ಲೂ ಬಂದು ಬಾಯಿಗೂಡುವ ತನಕ ಎತ್ತಿಗೆ ಕೈ ಹಾಕಬಾರದು, ಬೆಳೆಯುವ ಎತ್ತು ಜೋಡಿ ಕೆಡಿಸುತ್ತದೆ ಎಂಬುದು ಅವರ ಶಾಸನ.

"ಹಂಗಾರ ಅದಿನ್ನಾ ಕರ. ಇದಕ್ಕ ಕೊನಿ ಅಂಬೋದು ಐತೋ ಇಲ್ಲೋ?"

"ಐತಂತ್ರಿ. ಅದರೊಳಗಿನ ಗೆರಿ ಸಣ್ಣಾಗಿ ಸಣ್ಣಾಗಿ ಅಣುವಿನ ಗಾತ್ರಕ್ಕ ಬಂದ್ರ ಮುಂದ ದಾರಿ ಇಲ್ಲ."

"ಬಾಯಿಗೂಡ್ಲಿ ಬಿಡೋ, ತಗೊಂಡ್ರಾತು" ಎಂದರು ಮೇಷ್ಟ್ರು.

ಪೆಂಟಿಯಂ ಎರಡು ಎಂಬ ಹೊಸ ಚಿಪ್ಪು ಬಂದಾಗ ಎರಡಲ್ಲು ಎಂದರು, ಮೂರು ಬಂದಾಗ ನಾಲ್ಕಲ್ಲು, ನಾಲ್ಕು ಬಂದಾಗ ಆರಲ್ಲು. ಅಷ್ಟರಲ್ಲಿ ಕೂಡ್ಲಿಗಿ, ಹಡಗಲಿಗಳಲ್ಲೆಲ್ಲ ಕಂಪ್ಯೂಟರ್ ಸೆಂಟರುಗಳು ಅಣಬೆಯಂತೆ ಎದ್ದು, ಮೇಷ್ಟ್ರ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ಕೊನೆಯ ಹುಡುಗಿಯೂ ನಮಸ್ಕಾರ ಮಾಡಿ ಹೋದ ದಿನ ಮರುಳಸಿದ್ದಮ್ಮ ಧೂಳು ಒರೆಸುವ ಬಟ್ಟೆ ಹಿಡಿದು ಯಂತ್ರಗಳ ನಡುವೆ ನಿಂತೇ ಇದ್ದಳು. ಅಂದು ಮೇಷ್ಟ್ರೂ ಊಟ ಮಾಡಲಿಲ್ಲ.

ಎರಡು ಸಾವಿರದ ಐದರಲ್ಲಿ ಪತ್ರಿಕೆಯೊಂದು ಅವರಿಗೆ ಜೀವ ಕೊಟ್ಟಿತು: ಚಿಪ್ಪುಗಳು ವಿಪರೀತ ಬಿಸಿಯಾಗುವುದರಿಂದ ಅವುಗಳ ವೇಗದ ಓಟ ನಿಂತಿದೆಯಂತೆ! ಮೇಷ್ಟ್ರು ಓಣಿಗೆಲ್ಲ ಸಕ್ಕರೆ ಹಂಚಿ, ಹೆಂಡತಿಯನ್ನು ಹೊರಡಿಸಿಕೊಂಡು, ದಾವಣಗೆರೆಗೆ ಸಿಕ್ಕ ಮೊದಲನೆಯ ಬಸ್ಸನ್ನೇ ಹತ್ತಿದರು.

"ಬಾಯಿಗೂಡ್ತಲ್ಲೋ ಮೌನೇಶಾ! ಕಟ್ಟಿಕೊಡು."

ಮೌನೇಶ್ ಎಂದಿನ ಹುರುಪಿನಲ್ಲೇ ಬಾಯಿಬಿಟ್ಟ: "ಓಟ ನಿಂತೈತ್ರಿ, ಅದಕ್ಕ ಈಗ ಒಂದ ಚಿಪ್ಪಿನಾಗ ಎರಡು ಮಿದುಳು ಇಟ್ಟಾರ. ಮುಂದ ನಾಕು ಇಡ್ತಾರಂತ!"

ಮುಂದೆ ಚಾಚಿದ್ದ ಮೇಷ್ಟ್ರ ಕೈ ಆಮೆಯಂತೆ ಕೋಟಿನ ತೋಳಿನೊಳಕ್ಕೆ ಸರಿಯಿತು. "ಹಂಗಾರ... ನಾಕು ಬರ್ಲಿ."

ಅಷ್ಟು ವರ್ಷ ತುಟಿ ಎರಡು ಮಾಡದಿದ್ದ ಮರುಳಸಿದ್ದಮ್ಮ ಅಂದು ಮಾತಾಡಿದಳು. "ಎತ್ತಿನ ಹಲ್ಲು ಎಣಿಸ್ಕಂತ ಕುಂತ್ರ ಬಿತ್ತೋ ಹದ ಕಾಯ್ತೈತೇನ್ರಿ? ನಿಮ್ಮಪ್ಪ ಹಲ್ಲೂ ನೋಡ್ತಿದ್ರು, ಮುಗಿಲೂ ನೋಡ್ತಿದ್ರು." ಆಮೇಲೆ ಶಿಷ್ಯನ ಕಡೆ ತಿರುಗಿ, "ಎರಡು ಮಿದುಳಿಂದೇ ಕಟ್ಟಪಾ ಮೌನೇಶಾ. ಒಂದು ಇವರಿಗೂ ಆಗ್ಲಿ."

ಕಂಪ್ಯೂಟರ್ ಬಂತು. ಮೇಷ್ಟ್ರು ಅದರ ಮುಂದೆ ಕೂತರು. ಬೆರಳಿಟ್ಟರೆ ಕೋಟಿನ ತೋಳು ಬಂದು ಅಡ್ಡಬಿತ್ತು. ಮರುಳಸಿದ್ದಮ್ಮ ಒಳಗಿನಿಂದ ಕತ್ತರಿ ತಂದು, ಒಂದು ಮಾತೂ ಕೇಳದೆ, ಎರಡೂ ತೋಳುಗಳನ್ನು ಮಣಿಕಟ್ಟಿಗೆ ಸರಿಯಾಗಿ ಕತ್ತರಿಸಿದಳು. ಮೇಷ್ಟ್ರು ತಮ್ಮ ಬೆರಳುಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡು, "ಇನ್ನ ಬೆಳೆಯಂಗಿಲ್ಲ ಅಂತೀಯಾ?" ಎಂದರು. ಯುಗಾದಿಯ ಹೊತ್ತಿಗೆ ಶಾಲೆಯ ಬಾಗಿಲಲ್ಲಿ ಚಪ್ಪಲಿಗಳು ಮರಳಿ ಕಾಣಿಸಿಕೊಂಡವು.

ಜಗತ್ತು ಬೆಳೆದು ಮುಗಿಯಲಿ, ಆಮೇಲೆ ಬದುಕೋಣವೆಂದು ಬಾಗಿಲಲ್ಲಿ ನಿಂತ ಇಂಥ ಸಜ್ಜನರು ಪ್ರತಿ ಊರಿನಲ್ಲೂ ಇರುತ್ತಾರೆ. ಅವರದು ಸೋಮಾರಿತನವಲ್ಲ, ಅತಿ ವಿವೇಕ. ಜಗತ್ತಿಗೆ ಬಾಯಿಗೂಡುವುದಿಲ್ಲವೆಂದು ಅವರಿಗೆ ಯಾವ ಪತ್ರಿಕೆಯೂ ತಿಳಿಸದು. ಪುಣ್ಯವಿದ್ದವರ ಮನೆಯಲ್ಲಿ ಮಾತ್ರ ಕತ್ತರಿ ಹಿಡಿದವರೊಬ್ಬರು ಇರುತ್ತಾರೆ.