ಅಮ್ಮನ ಬಚ್ಚಲಿಗೆ ನೀರು

ದರ್ಜಿಯ ಮನೆಯಲ್ಲಿ ನಾತ ಶುರುವಾಗಿ ತಿಂಗಳ ಮೇಲಾಗಿತ್ತು. ಅಂಥಿಂಥ ನಾತವಲ್ಲ, ಚರಂಡಿಯೇ ನಡುಮನೆಗೆ ಬಂದು ಕಾಲು ಚಾಚಿ ಕೂತ ಹಾಗೆ! ಅಳತೆ ಕೊಡಲು ಬಂದವರು ಎದೆಯುಬ್ಬಿಸಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಹೊಲಿದ ಅಂಗಿಗಳೆಲ್ಲ ದೊಗಳೆಯಾಗಿ ವಾಪಸು ಬರುತ್ತಿದ್ದವು.

"ರೀ, ಇದು ಅತ್ತೆಯ ಬಚ್ಚಲಿಂದಲೇ ಬರ್ತಿರೋದು," ಎಂದಳು ಹೆಂಡತಿ. "ನಾಳೆ ಗಾರೆಯವನು ಬರ್ತಾನೆ. ಬಚ್ಚಲು ಒಡೆಸಿ, ತೂತು ಮುಚ್ಚಿಸಿ, ಬಟ್ಟೆ ಇಡೋ ಕೋಣೆ ಮಾಡಿಸ್ತೀನಿ. ಮಗು ಉಸಿರಾಡ್ಬೇಕೋ ಬೇಡ್ವೋ?"

ದರ್ಜಿ ಕೈಲಿದ್ದ ಕತ್ತರಿ ಕೆಳಗಿಟ್ಟ. ಅಮ್ಮ ತೀರಿಕೊಂಡ ಮೇಲೆ ಆ ಬಚ್ಚಲುಮನೆಗೆ ಬೀಗ ಹಾಕಿದ್ದವನು ಅವನೇ. ಒಳಗಿನ ಕಲ್ಲಿನ ಮೇಲೆ ಕೂರಿಸಿ ಅಮ್ಮ ಅವನಿಗೆ ತಲೆ ತಿಕ್ಕುತ್ತಿದ್ದಳು. ಹಬೆಯಲ್ಲಿ ಅವಳ ಮುಖ ಕಾಣದು, ಬಳೆಯ ಸದ್ದು ಮಾತ್ರ ಕೇಳಿಸುವುದು. ಕಣ್ಣಿಗೆ ಸೋಪು ಹೋಯಿತೆಂದು ಅವನು ಊರು ಕೇಳುವಂತೆ ಅರಚಿದರೆ, ಅವಳು ಬೆನ್ನಿಗೊಂದು ಕೊಟ್ಟು ನಗುತ್ತಿದ್ದಳು. ಈಗ ವಾರಕ್ಕೊಮ್ಮೆ ಬೀಗ ತೆಗೆದು, ಒಳಗೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದ. ಅದನ್ನೂ ಒಡೆದರೆ ಅವನಿಗೆ ಅಮ್ಮನದೆಂದು ಉಳಿಯುವುದಾದರೂ ಏನು?

ಕೋಣೆಯ ಅಳತೆ ನೋಡಲು ಹೆಂಡತಿ ನಾದಿನಿಯನ್ನು ಕರೆಸಿದ್ದಳು. ದರ್ಜಿಯ ಈ ತಂಗಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವವಳು. ಬಚ್ಚಲಿಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡು ಕೇಳಿದಳು, "ಅಣ್ಣಾ, ಇಲ್ಲಿ ಕೊನೇ ಸಲ ನೀರು ಹಾಕಿದ್ದು ಯಾವಾಗ?"

"ನೀರಾ? ಅಮ್ಮ ಹೋದ್ಮೇಲೆ ಒಂದು ಹನಿ ಬೀಳೋಕೆ ಬಿಟ್ಟಿಲ್ಲ. ಒಣ ಬಟ್ಟೇಲಿ ಒರೆಸಿ ಹೇಗಿತ್ತೋ ಹಾಗೇ ಇಟ್ಟಿದ್ದೀನಿ," ಎಂದ ಅವನು, ಭಾರೀ ಹೆಮ್ಮೆಯಿಂದ.

"ಅಯ್ಯೋ ನಿನ್ನ! ಅದಕ್ಕೇ ನೋಡು ಈ ಪಾಡು." ಅವಳು ನೆಲದ ಜಾಲರಿ ಎತ್ತಿದಳು. "ಇದರ ಕೆಳಗೆ ಕೊಳವೆ ಬಾಗಿರುತ್ತೆ. ಆ ಬಾಗಲ್ಲಿ ಯಾವಾಗ್ಲೂ ಒಂದಿಷ್ಟು ನೀರು ನಿಂತಿರ್ಬೇಕು. ಚರಂಡಿ ಗಾಳಿ ಮೇಲೆ ಬರದ ಹಾಗೆ ತಡೆಯೋದು ಆ ನೀರೇ. ಬಳಸದೆ ಬಿಟ್ರೆ ಅದು ಆರಿಹೋಗುತ್ತೆ. ನೀನು ಈ ಬಾಗಿಲಿಗೆ ಬೀಗ ಹಾಕಿ ಚರಂಡಿ ಬಾಗಿಲು ತೆಗೆದಿಟ್ಟಿದ್ದೀಯ!"

"ಹೋಗೇ! ನುಸಿಗುಳಿಗೆ ಇಟ್ಟೂ ಇಟ್ಟೂ ಸಾಕಾಯ್ತು. ಇಷ್ಟು ನಾತಕ್ಕೆ ಬರೀ ನೀರು ಮದ್ದಾ?" ಎಂದ ದರ್ಜಿ.

"ನುಸಿಗುಳಿಗೆ ಇಟ್ರೆ ಮೂಗಿಗೆ ಮೋಸ, ಅಷ್ಟೇ," ಎನ್ನುತ್ತ ತಂಗಿ ಅತ್ತಿಗೆಯ ಕಡೆ ತಿರುಗಿದಳು. "ಅತ್ತಿಗೆ, ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೊಳ್ತಾರಾ? ಮೊದಲು ನೀರು ಹಾಕೋಣ. ಆಮೇಲೂ ವಾಸನೆ ಬಂದ್ರೆ ಕೊಳವೆ ಎಲ್ಲೋ ಸೀಳಿರ್ಬೇಕು, ಪ್ಲಂಬರ್‌ನ ಕರೆಸಿದ್ರಾಯ್ತು."

ಬಕೆಟ್ಟು ಬಂತು. ದರ್ಜಿ ಅಡ್ಡ ನಿಂತುಬಿಟ್ಟ. "ಬೇಡ ಕಣೇ. ಅಮ್ಮ ಕಾಲಿಟ್ಟ ನೆಲ... ತೊಳೆದುಹೋಗುತ್ತೆ."

ತಂಗಿಯ ಕಣ್ಣು ತುಂಬಿತು. "ಅಣ್ಣಾ, ಅಮ್ಮ ಈ ನೆಲ ಒಣಗಿದ್ದನ್ನ ಒಂದು ದಿನವಾದ್ರೂ ಕಂಡಿದ್ಲಾ? ನಾವಿಬ್ರೂ ಚೆಲ್ಲಾಡಿದ್ದೇ ಚೆಲ್ಲಾಡಿದ್ದು."

ದರ್ಜಿ ಬಕೆಟ್ಟು ತೆಗೆದುಕೊಂಡು ತಾನೇ ಸುರಿದ. ಗುಳುಗುಳು ಎಂದು ನೀರು ಇಳಿಯಿತು. ಕಿಟಕಿ ತೆರೆದಿಟ್ಟರು. ಸಂಜೆ ಬಟ್ಟೆ ಕೊಡಲು ಬಂದ ಪಕ್ಕದ ಮನೆಯವರು ಆರಾಮಾಗಿ ಕೂತು ಹರಟೆ ಹೊಡೆದರು.

ಮರುದಿನ ಬಂದ ಗಾರೆಯವನನ್ನು ಹೆಂಡತಿಯೇ ವಾಪಸು ಕಳಿಸಿದಳು. "ವಾರವಾರ ನೀರು ಹಾಕೋದನ್ನ ಯಾರ್ರೀ ನೆನಪಿಟ್ಕೊಳ್ತಾರೆ?" ಎಂದು, ಮತ್ತೆ ಬೀಗ ಹಾಕಲು ಹೊರಟಿದ್ದ ಗಂಡನ ಕೈಯಿಂದ ಅದನ್ನು ಕಿತ್ತುಕೊಂಡಳು. "ಇವತ್ತಿಂದ ಮಗೂಗೆ ಇಲ್ಲೇ ಸ್ನಾನ. ನೀವೇ ಮಾಡ್ಸಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೂ ಬಳಸದ ಬಚ್ಚಲೋ ಸಿಂಕೋ ಇದ್ದರೆ ವಾರಕ್ಕೊಮ್ಮೆ ಎರಡು ಚೊಂಬು ನೀರು ಹಾಕಿ. ಹೊಸದಾಗಿ ಕಟ್ಟಿಸುವವರು ಪ್ರತಿ ತೂತಿನ ಕೆಳಗೂ ಬಾಗಿದ ಕೊಳವೆ ಇದೆಯೇ ಎಂದು ನೆಲ ಮುಚ್ಚುವ ಮೊದಲೇ ಕಣ್ಣಾರೆ ನೋಡಿಕೊಳ್ಳಿ. ಪ್ರೀತಿಯವರು ಬಿಟ್ಟುಹೋದ ಕೋಣೆಯಿದ್ದರೆ ಬೀಗ ತೆಗೆಯಿರಿ, ಬಳಸಿ. ನಾಳೆ ಅನ್ನಬೇಡಿ, ಈಗಲೇ ಎದ್ದು ಒಮ್ಮೆ ನೋಡಿ ಬನ್ನಿ.