ಗೇಟಿನ ಗೋಡೆಗೆ ಸುಣ್ಣ

ಗೋಡೆ ನೋಡಿದ ಕೂಡಲೇ ಗೇಟಿನತ್ತ ಓಡಿದೆ. ನಾಗಪುರದ ಆ ಮುಚ್ಚಿದ ಬಟ್ಟೆ ಮಿಲ್ಲಿನ ಗೇಟಿನ ಗೋಡೆ ನಿನ್ನೆ ಸಂಜೆಯವರೆಗೆ ಪಾಚಿ, ಬಿರುಕು, ಹರಿದ ಪೋಸ್ಟರು, ಪಾನ್ ಉಗುಳು ಎಲ್ಲ ಹೊತ್ತುಕೊಂಡು ನಿಂತಿತ್ತು. ಈಗ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮುಂದೆ ನನ್ನ ಅಜ್ಜ ಫಕೀರಪ್ಪ, ಮೊಣಕೈತನಕ ಸುಣ್ಣ ಮೆತ್ತಿಕೊಂಡು, ಮದುವೆ ಮನೆಯ ಯಜಮಾನನ ಹಾಗೆ ನಗುತ್ತಿದ್ದ.

"ಹೆಂಗೈತಿ, ದಾಕ್ಷಿ? ದೊಡ್ಡ ಮಂದಿ ಬರ್ತಾರ ಅಂದಿದ್ದಿಯಲ್ಲ. ನಮ್ಮ ಮಿಲ್ಲಿನ ಹಳೇ ಮಂದಿ ಕೂಡಿ ನಸುಕಿನ್ಯಾಗ ಹಚ್ಚಿಬಿಟ್ವಿ. ಸುಣ್ಣಕ್ಕ ಗೋಂದು ಹಾಕೀನಿ. ತಿಕ್ಕಿ ನೋಡು, ಕೈಗೆ ಒಂದ್ ಚೂರೂ ಹತ್ತಂಗಿಲ್ಲ."

ಅಯ್ಯೋ ಅಜ್ಜಾ! ಬೈಯುವುದಾದರೂ ಯಾರನ್ನು? ಮಿಲ್ಲು ನಡೆಯುವಾಗ ದಸರೆಯ ಖಂಡೇಪೂಜೆಯ ಹಿಂದಿನ ದಿನ ನೇಕಾರರೇ ನಿಂತು ಗೇಟಿಗೆ ಸುಣ್ಣ ಹಚ್ಚುತ್ತಿದ್ದರಂತೆ. ಹೊರಗಿನವರು ಬರುತ್ತಾರೆಂದರೆ ಗೇಟು ಬೆಳ್ಳಗಿರಬೇಕು, ಅದು ಅವರ ಮರ್ಯಾದೆಯ ಪ್ರಶ್ನೆ. ಮಿಲ್ಲು ಮುಚ್ಚಿದ ಮೇಲೆ ಇತ್ತ ಯಾರೂ ತಲೆಹಾಕಿರಲಿಲ್ಲ. ಇವತ್ತು ನಮ್ಮ ಕಾಲೇಜಿನವರು ಬರುತ್ತಾರೆಂದು ಖುಷಿಯಿಂದ ಹೇಳಿದವಳು ನಾನೇ.

ನಮ್ಮ ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟು ಇದು. ತಂಡದಲ್ಲಿ ನಾನು, ಬೆಂಗಳೂರಿನ ಸಮರ್ಥ್, ಇಲ್ಲಿಯವಳೇ ಆದ ಚಾರುಲತಾ. ಗೇಟಿನ ಎದುರು ನಿಂತು ಫೋನು ಹಿಡಿದರೆ ಪರದೆಯಲ್ಲಿ ಅದೇ ಗೇಟಿನಿಂದ ಹಳೇ ಕಾಲದ ಶಿಫ್ಟು ಬಿಡಬೇಕು. ಸೈರನ್ನು, ಸೈಕಲ್ಲು, ಟೋಪಿ, ಗದ್ದಲ ಎಲ್ಲ ಬರಬೇಕು. ಫೋನು ಈ ಜಾಗವನ್ನು ಗುರುತು ಹಿಡಿಯುವುದು ಗೋಡೆಯ ಕಲೆ, ಬಿರುಕುಗಳಿಂದ. ಅವು ಅಳಿಸಿಹೋದರೆ ಅದಕ್ಕೆ ಗೇಟೂ ಒಂದೇ, ಗೋದಾಮೂ ಒಂದೇ. ಈ ಮಾತನ್ನು ಅಜ್ಜನ ಕಿವಿಗೆ ಹಾಕಬೇಕೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇಂಜಿನಿಯರುಗಳಂತೆ, ಸುಡುಗಾಡು!

ಪ್ರಾಜೆಕ್ಟು ಹಾಳಾಗಿ ಹೋಗಲಿ, ಮಾರ್ಕ್ಸೂ ಹೋಗಲಿ. ನನಗೆ ಬೇಕಿದ್ದುದು ಆ ಪರದೆಯ ಬಲಗಡೆ, ಬೇವಿನ ಮರದ ಬುಡದಲ್ಲಿ ಬುತ್ತಿಗಂಟು ಹಿಡಿದು ನಿಲ್ಲುವ ಹೆಂಗಸು. ನನ್ನ ಅಜ್ಜಿ ಕಲ್ಲವ್ವ. ಅವಳು ತೀರಿಕೊಂಡು ಬಹಳ ಕಾಲವಾಯಿತು. ಮನೆಯಲ್ಲಿದ್ದ ಒಂದೇ ಫೋಟೋ ಇಟ್ಟುಕೊಂಡು ಚಾರುಲತಾ ಅವಳ ಇಳಕಲ್ ಸೀರೆ, ಮೂಗಿನ ನತ್ತು, ತುಸು ಸೊಟ್ಟಗಿನ ಬೈತಲೆಯನ್ನೂ ಬಿಡದೆ ತಿದ್ದಿದ್ದಳು. ಅಜ್ಜ ಒಮ್ಮೆ ಹೇಳಿದ್ದ: "ದಿನಾ ಬಿಸಿ ರೊಟ್ಟಿ ತಂದು ಅಲ್ಲೇ ನಿಂದ್ರತಿದ್ಲು. ನಾ ಗಂಟು ಇಸ್ಕೊಂಡು ಒಳಗ ಓಡತಿದ್ದೆ, ಮಗ್ಗ ನಿಲ್ಲಬಾರದಲ್ಲ. ಒಂದ್ ದಿನಾನೂ ಆಕಿ ಮಾರಿ ನೋಡಿ ಮಾತಾಡ್ಲಿಲ್ಲವ್ವಾ. ಒಂದ್ ಸಲ ಅಲ್ಲೇ ನಿಂತು ಆಕೀನ ನೋಡಬೇಕು."

ಧರಮಪೇಠದ ಕಣ್ಣಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಜ್ಜನ ಎಡಗಣ್ಣು ಹೋಗಿದೆ, ಬಲಗಣ್ಣಿನ ನಡುವೆ ಉಳಿದಿರುವ ಒಂದಿಷ್ಟು ಬೆಳಕೂ ಹೆಚ್ಚು ದಿನ ಇರುವುದಿಲ್ಲ, ತೋರಿಸುವುದೇನಿದ್ದರೂ ತೋರಿಸಿಬಿಡಿ ಎಂದು. ಅತ್ತ ನಾಳೆ ಬೆಳಿಗ್ಗೆ ಗೇಟು ಕೆಡವಲು ಜೆಸಿಬಿ ಬರುವುದಿತ್ತು. ಪರದೆಯ ಮೇಲೆ ವಾರಗಟ್ಟಲೆ ಗಾಳಿಯಲ್ಲಿ ತೇಲಾಡಿ, ಗಟಾರದೊಳಗೆ ಇಳಿದು ನಮ್ಮ ಪ್ರಾಣ ಹಿಂಡಿದ್ದ ಅಜ್ಜಿ ನೆಟ್ಟಗೆ ನೆಲದ ಮೇಲೆ ನಿಂತದ್ದೇ ನಿನ್ನೆ ಸಂಜೆ. ಮಬ್ಬಿನಲ್ಲಿ ಅಜ್ಜನಿಗೆ ಏನೂ ಕಾಣದು, ಬೆಳಿಗ್ಗೆ ತೋರಿಸೋಣವೆಂದು ಕುಣಿಯುತ್ತ ಮನೆಗೆ ಹೋಗಿದ್ದೆ.

ಸಮರ್ಥ್ ಫೋನನ್ನು ಅತ್ತಿತ್ತ ಆಡಿಸಿ ತಲೆ ಅಲ್ಲಾಡಿಸಿದ. "ಏನೂ ಹಿಡೀತಿಲ್ಲ ಕಣೇ. ಮಸಿಯಲ್ಲಿ ಗುರುತು ಮಾಡಿ ಮೊದಲಿಂದ ಶುರು ಮಾಡ್ಬಹುದು. ಆದ್ರೆ ವಾರಗಳು ಬೇಕು."

"ನಾಳೆ ಗೋಡೇನೇ ಇರಂಗಿಲ್ಲೋ!" ಎಂದು ಅವನ ಮೇಲೆ ರೇಗಿದೆ. ಪಾಪ, ಅವನದೇನು ತಪ್ಪು? ಓಡಿಹೋಗಿ ಫೋನಿಗೆ ಗುರುತಾಗಲೆಂದು ಒಂದು ಚಿತ್ರ ಪ್ರಿಂಟು ಹಾಕಿಸಿ ತಂದು ಗೋಡೆಗೆ ಅಂಟಿಸಿದ. ಬಿಸಿಗಾಳಿಗೆ ಕಾಗದ ಪಟಪಟ ಅಂದಿತು. ಪರದೆಯಲ್ಲಿ ಸೈಕಲ್ಲುಗಳು ಆಕಾಶಕ್ಕೆ ಏರಿದವು, ಅಜ್ಜಿ ಆಟೋಗಳ ನಡುವೆ ಜಾರಿಹೋಗಿ ಮಾಯವಾದಳು.

ಅಷ್ಟರಲ್ಲಿ ಕಾಲೇಜಿನವರು ಬಂದರು. ನಮ್ಮ ಮೇಡಂ ಫೋನು ಹಿಡಿದು ಸ್ವಲ್ಪ ಹೊತ್ತು ನೋಡಿ, "ಬೇಟಾ, ಪ್ರೋಗ್ರೆಸ್ ಕಹಾಂ ಹೈ?" ಎಂದರು, ಏನೂ ಕೆಲಸ ಆಗಿಲ್ಲವಲ್ಲ ಎಂಬಂತೆ. ಹೊರಡುವ ಮುಂಚೆ ಅಜ್ಜನಿಗೆ ಕೈಮುಗಿದು, "ದೀವಾರ್ ಬಹುತ್ ಸುಂದರ್ ಹೈ, ಬಾಬಾ" ಎಂದು ಗೋಡೆಯನ್ನು ಹೊಗಳಿದರು. ಅಜ್ಜ ಉಬ್ಬಿಹೋದ. ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕಾರು ಹೋದ ಮೇಲೆ ಅಜ್ಜ ಪಂಚೆಗೆ ಕೈ ಒರೆಸಿಕೊಂಡ. "ದೊಡ್ಡವ್ರದು ಮುಗೀತು. ಈಗ ನನಗ ತೋರಸು." ಫೋನು ಇಸಿದುಕೊಂಡು, ಕಾಲಿನಿಂದ ನೆಲ ತಡವಿ, ತಾನು ಬುತ್ತಿ ಇಸಿದುಕೊಳ್ಳುತ್ತಿದ್ದ ಜಾಗದಲ್ಲೇ ನಿಂತ. ಬಲಗಣ್ಣಿನ ಹತ್ತಿರ ಹಿಡಿದು ಹುಡುಕಿದ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಪರದೆಯಲ್ಲಿ ಖಾಲಿ ಗೋಡೆ ಬಿಟ್ಟರೆ ಮತ್ತೇನಿರಲಿಲ್ಲ.

"ಬರೇ ಬೆಳ್ಳಗ ಕಾಣ್ತೈತಿ," ಎಂದ. ಆಮೇಲೆ ಫೋನು ಕೆಳಗಿಳಿಸಿ ನನ್ನ ತಲೆ ಸವರಿದ. "ಹೋತು ಬಿಡು. ಇದೂ ಕಣ್ಣು ಹೋತು. ನೀ ಎಷ್ಟ್ ಒದ್ದಾಡಿದಿ, ನಿಂದೇನೂ ತಪ್ಪಿಲ್ಲವ್ವಾ."

ಸುಮ್ಮನಿದ್ದರೆ ಕಣ್ಣು ಹೋಯಿತೆಂದು ಕೊರಗುತ್ತಾನೆ, ಬಾಯಿಬಿಟ್ಟರೆ ತನ್ನ ಕೈಯನ್ನೇ ಶಪಿಸಿಕೊಳ್ಳುತ್ತಾನೆ. ಯಾವುದು ಕಮ್ಮಿ ನೋವು? ಯೋಚಿಸುವಷ್ಟು ತಾಳ್ಮೆ ನನಗೆ ದೇವರು ಕೊಟ್ಟಿಲ್ಲ. "ಕಣ್ಣು ಹೋಗಿಲ್ಲಜ್ಜಾ!" ಎಂದು ಕಿರುಚಿಯೇಬಿಟ್ಟೆ. "ಗೋಡಿ ಮ್ಯಾಲಿನ ಕಲೆ ನೋಡೇ ಫೋನು ಜಾಗಾ ಗುರ್ತಾ ಹಿಡೀತಿತ್ತು. ಸುಣ್ಣದಾಗ ಎಲ್ಲಾ ಮುಚ್ಚಿಹೋದ್ವು."

ಅಜ್ಜ ಗೋಡೆಯ ಕಡೆ ತಿರುಗಿದ.

"ಹಂಗಾರ ಕೆರದ್ರ ಬರ್ತಾಳೇನು?"

"ಇಲ್ಲಜ್ಜಾ. ಕೆರದ್ರೂ ಮೊದಲಿನಂಗ ಆಗಂಗಿಲ್ಲ."

ಕೇಳಿಸಿತೋ ಇಲ್ಲವೋ. ಬೇವಿನ ಮರದ ಪಕ್ಕದ ಗೋಡೆಗೆ ಹೋಗಿ ಉಗುರಿನಿಂದ ಕೆರೆಯತೊಡಗಿದ. ಕೈ ಹಿಡಿದರೆ ಕೊಸರಿಕೊಂಡು ಮತ್ತೆ ಕೆರೆದ. ನಾಗಪುರದ ಬಿಸಿಲಿಗೆ ಸುಣ್ಣ ಒಣಗಿ ಗಟ್ಟಿಯಾಗಿಬಿಟ್ಟಿತ್ತು, ಒಂದು ಚೂರೂ ಏಳಲಿಲ್ಲ. ಕೊನೆಗೆ ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡ.

"ಗೋಂದು ಚಲೋ ಹಿಡದೈತಿ," ಎಂದ ಅಜ್ಜ, ಅಳುತ್ತ.